ತೀರಿದ ಮೇಲೆ

ನಮ್ಮ ನಗರ ಮ್ಯೂಸಿಯಮ್ಮಿನ ಹಿಂದಿನ ಕೋಣೆಯಲ್ಲಿ ಕಿವಿಯಕ್ಕ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಆ ಹೆಸರಿಟ್ಟವನು ನಾನೇ. ಊರಿನ ಹಳಬರ ನೆನಪುಗಳನ್ನು ರೆಕಾರ್ಡ್ ಮಾಡಿಕೊಂಡು ಬಂದು, ಹೆಡ್‌ಫೋನ್ ಹಾಕಿಕೊಂಡು ಒಂದಕ್ಷರ ಬಿಡದೆ ಟೈಪ್ ಮಾಡುವುದು ಅವಳ ಕೆಲಸ. ಕೆಮ್ಮಿದರೆ ಕೆಮ್ಮು ಎಂದು ಬರೆಯುತ್ತಾಳೆ. ಸುಮ್ಮನಾದರೆ ಎಷ್ಟು ಹೊತ್ತು ಸುಮ್ಮನಾದರು ಎಂದೂ ಬರೆಯುತ್ತಾಳೆ. ಈಗ ಮಾತು ಕೇಳಿ ತಾನೇ ಟೈಪ್ ಮಾಡಿ, ಕೊನೆಗೊಂದು ಸಾರಾಂಶವನ್ನೂ ಕೊಡುವ ಸಾಫ್ಟ್‌ವೇರ್ ಬಂದಿದೆ. ಅದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ನಾನೋ, ಪ್ರದರ್ಶನದ ಫಲಕ ಬರೆಯುವವನು. ಅವಳ ನಲವತ್ತು ಪುಟ ನನ್ನ ಕೈಗೆ ಬಂದರೆ ನಾಲ್ಕು ಸಾಲಾಗುತ್ತದೆ. ಅದಕ್ಕೇ ಅವಳು ನನ್ನನ್ನು ಕತ್ತರಿ ಎನ್ನುತ್ತಾಳೆ.

ಕಿವಿಯಕ್ಕ ಶುದ್ಧ ಪುಕ್ಕಲಿ. ಬಸ್ಸು ಹತ್ತಿದ ಮೇಲೆ ಗ್ಯಾಸ್ ಆರಿಸಿದೆನಾ ಎಂದು ದಿನವೂ ಗಂಡನಿಗೆ ಫೋನ್ ಮಾಡುತ್ತಾಳೆ. ಸಾವು ಎಂಬ ಪದವನ್ನಂತೂ ಬಾಯಿಗೇ ತರುವವಳಲ್ಲ. ಸತ್ತವರೆಲ್ಲ ಅವಳಿಗೆ 'ಈಗಿಲ್ಲದವರು'. ಇದನ್ನು ಹಿಡಿದು ನಾವು ಅವಳನ್ನು ಗೋಳು ಹೊಯ್ದುಕೊಂಡದ್ದಕ್ಕೆ ಲೆಕ್ಕವಿಲ್ಲ. ಈಗ ನೆನೆದರೆ ನಗು ಬರುವುದಿಲ್ಲ.

ಮುಚ್ಚಿಹೋದ ನೂಲಿನ ಗಿರಣಿಯ ಬಗ್ಗೆ ನಾವೊಂದು ಪ್ರದರ್ಶನ ಮಾಡಿದೆವು. ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ ನಾನು ರೆಕಾರ್ಡಿಂಗುಗಳನ್ನೆಲ್ಲ ವೆಬ್‌ಸೈಟಿಗೆ ಹಾಕಿ, ಗಿರಣಿಯ ಹಳಬರ ವಾಟ್ಸಾಪ್ ಗ್ರೂಪಿಗೂ ಕಳಿಸಿದೆ. ಹನ್ನೊಂದು ಗಂಟೆಗೆ ಕಿವಿಯಕ್ಕ ನನ್ನ ಮೇಜಿನ ಮುಂದೆ ಬಂದು ನಿಂತಳು. ಮುಖದಲ್ಲಿ ರಕ್ತವಿರಲಿಲ್ಲ.

"ಹದಿನೇಳನೇದು ಯಾಕೆ ಹಾಕಿದೆ?"

ನಾನು ಒಪ್ಪಿಗೆ ಪತ್ರ ತೆಗೆದು ತೋರಿಸಿದೆ. ಹದಿನೇಳನೇ ರೆಕಾರ್ಡಿಂಗಿನಲ್ಲಿ ನೆನಪು ಹೇಳಿದ ಅಜ್ಜಿಗೆ ಓದು ಬರಹ ಬಾರದು; ಹೆಬ್ಬೆಟ್ಟು ಒತ್ತಿದ್ದಳು. ಅದರ ಮೇಲೆ ಕಿವಿಯಕ್ಕನದೇ ದುಂಡಗಿನ ಅಕ್ಷರ: 'ತೀರಿದ ಮೇಲೆ ತೆರೆಯಬಹುದು.' ಕೆಲಸ ತೀರಿದೆಯಲ್ಲ, ತೆರೆದೆ ಎಂದೆ.

ಅವಳು ಕುರ್ಚಿಗೆ ಕುಸಿದಳು. "ಅಜ್ಜಿ ತೀರಿದ ಮೇಲೆ ಕಣೋ. ಅವರ ಎದುರಿಗೇ ಕೂತು, ಸತ್ತ ಮೇಲೆ ಅಂತ ಹೆಂಗೆ ಬರೀಲಿ?"

ತೀರಿಕೊಂಡ ಮೇಲೆ ಎಂದು ಬರೆಯುವುದಕ್ಕೂ ಅವಳಿಗೆ ಕೈ ಬಂದಿರಲಿಲ್ಲ. ನಾನಾದರೂ ಪೂರ್ತಿ ಕೇಳಬೇಕಿತ್ತು. ಸಾಫ್ಟ್‌ವೇರ್ ಕೊಟ್ಟ ಸಾರಾಂಶದಲ್ಲಿ 'ಗಿರಣಿಯ ದಿನಚರಿ' ಎಂದಿತ್ತು; ಅಷ್ಟನ್ನೇ ಓದಿ ಕೈತೊಳೆದುಕೊಂಡಿದ್ದೆ. ರೆಕಾರ್ಡಿಂಗಿನ ಕೊನೆಯಲ್ಲಿ ಏನಿದೆ ಎಂದು ಕಿವಿಯಕ್ಕ ಈಗ ಪಿಸುದನಿಯಲ್ಲಿ ಹೇಳಿದಳು. ನಲವತ್ತು ವರ್ಷದ ಹಿಂದೆ ಗಿರಣಿಗೆ ಬೆಂಕಿ ಬಿದ್ದಾಗ ಹತ್ತಿ ಕೋಣೆಗೆ ಹೊರಗಿನಿಂದ ಬೀಗ ಹಾಕಿತ್ತು; ಒಳಗಿದ್ದವರು ಸುಟ್ಟುಹೋದರು. ಹಾಕಿದವರು ಯಾರೆಂದು ಯಾವ ವಿಚಾರಣೆಯಲ್ಲೂ ಗೊತ್ತಾಗಲಿಲ್ಲ. ಅಜ್ಜಿ ಕಣ್ಣಾರೆ ಕಂಡಿದ್ದಳು. ಹಾಕಿದವನು ಅವಳ ಒಡಹುಟ್ಟಿದ ಅಣ್ಣ, ಆಗಿನ ಮೇಸ್ತ್ರಿ. ಅದಕ್ಕೂ ಮೊದಲೇ ಗಂಡನನ್ನು ಕಳೆದುಕೊಂಡಿದ್ದ ಅಜ್ಜಿ ಆಗಿನಿಂದಲೂ ಇರುವುದು ಆ ಅಣ್ಣನ ಮನೆಯಲ್ಲೇ. ಮೇಸ್ತ್ರಿ ಆ ವಾಟ್ಸಾಪ್ ಗ್ರೂಪಿನಲ್ಲಿದ್ದ.

ನಾನು ಆ ರೆಕಾರ್ಡಿಂಗನ್ನು ವೆಬ್‌ಸೈಟಿನಿಂದಲೂ ಗ್ರೂಪಿನಿಂದಲೂ ಅಳಿಸಿದೆ. ಅಷ್ಟರಲ್ಲಿ ನೂರ ಹನ್ನೆರಡು ಜನ ಕೇಳಿಯಾಗಿತ್ತು. ಯಾರ್ಯಾರು ಎಂದು ತಿಳಿಯುವ ದಾರಿಯಿರಲಿಲ್ಲ. ಅಜ್ಜಿಗೆ ಫೋನಿಲ್ಲ, ನಾವೇ ಹೋಗಬೇಕು. ಎಂಬತ್ತರ ಮುದುಕ ಏನು ತಾನೇ ಮಾಡಿಯಾನು ಎಂದು ಬಸ್ಸಿನಲ್ಲಿ ಧೈರ್ಯ ಹೇಳಲು ನೋಡಿದೆ. ಮಾಡುವುದೇನೂ ಬೇಡ, ಬಾಗಿಲಾಚೆ ನಿಲ್ಲಿಸಿದರೆ ಸಾಕು, ಆಕೆಗೆ ಬೇರೆ ಸೂರಿಲ್ಲ ಎಂದಳು ಕಿವಿಯಕ್ಕ.

ಎರಡನೇ ಮಹಡಿಯ ಪುಟ್ಟ ಮನೆ. ವಾಷಿಂಗ್ ಮೆಷಿನ್ನಿನ ಪಕ್ಕ ಅಜ್ಜಿಯ ಮಂಚ, ಕೆಳಗೊಂದು ಟ್ರಂಕು. ಅಜ್ಜಿ ತರಕಾರಿ ಹೆಚ್ಚುತ್ತಿದ್ದಳು. ಅಣ್ಣ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾನೆ, ಇನ್ನೇನು ಬರುತ್ತಾನೆ ಎಂದಳು. ಕಿವಿಯಕ್ಕ ನೆಲದ ಮೇಲೆ ಕೂತು ತಡವರಿಸದೆ ಎಲ್ಲವನ್ನೂ ಹೇಳಿದಳು. ತಪ್ಪು ತನ್ನದೇ ಎಂದಳು, ನನ್ನ ಹೆಸರೆತ್ತಲಿಲ್ಲ. ನಾಚಿಕೆಯಿಂದ ನಾನು ಗೋಡೆ ನೋಡುತ್ತಾ ನಿಂತೆ.

ಅಜ್ಜಿ ಈಳಿಗೆಮಣೆಯನ್ನು ಪಕ್ಕಕ್ಕಿಟ್ಟಳು. "ಈ ಮನೇಲಿ ಒಂದು ತುತ್ತೂ ಹೆದರದೆ ಉಂಡಿಲ್ಲ ಮಗಳೇ. ಸತ್ತ ಮೇಲಾದ್ರೂ ಹೆದರಿಕೆ ಇರಲ್ಲ ಅಂತ ನಿಂಗೆ ಹೇಳಿದ್ದು."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಒಳಗೆ ಬಂದ ಮೇಸ್ತ್ರಿಯ ಕಿವಿಯಲ್ಲಿ ಇಯರ್‌ಫೋನ್ ಇತ್ತು. ವಯಸ್ಸಿಗೆ ತಕ್ಕ ಮರ್ಯಾದೆ ಕೊಟ್ಟು ಬರೆಯಬೇಕೆಂದು ನನಗೂ ಗೊತ್ತು, ಆಗುತ್ತಿಲ್ಲ. ಅವನು ಕುರ್ಚಿಯನ್ನು ಬಾಗಿಲ ಬಳಿಗೆಳೆದು ಕೂತು, ವೈರನ್ನು ನಿಧಾನವಾಗಿ ಬೆರಳಿಗೆ ಸುತ್ತತೊಡಗಿದ. ಹಾಡು ಕೇಳಿದನೋ, ತಂಗಿಯನ್ನೇ ಕೇಳಿದನೋ, ಮುಖದಲ್ಲಿ ಏನೂ ಕಾಣಲಿಲ್ಲ.

ಅಜ್ಜಿ ಗೋಡೆ ಹಿಡಿದು ಎದ್ದಳು. "ಅಣ್ಣ, ಕೇಳೋದಾದ್ರೆ ನನ್ನ ಬಾಯಲ್ಲೇ ಕೇಳು. ಬೀಗ ಹಾಕಿದ್ದು ನೀನು. ಒಳಗೆ ಆರು ಜನ ಬಾಗಿಲು ಬಡೀತಿದ್ರು. ಕೀ ನಿನ್ನ ಜೇಬಲ್ಲಿತ್ತು. ನಾನು ನೋಡಿದೀನಿ."

ವೈರು ಸುತ್ತುವುದು ನಿಂತಿತು. ಅವನು ತಂಗಿಯ ಕಡೆ ನೋಡಲಿಲ್ಲ, ಕಿವಿಯಕ್ಕನ ಕಡೆ ತಿರುಗಿದ.

"ಆರು ಅಂತ ಬರೆದಿದ್ದೀರಾ?"

ಅವಳು ತಲೆಯಾಡಿಸಿದಳು. ಸರ್ಕಾರಿ ವರದಿಯಲ್ಲಿ ಆರು, ನನ್ನ ಫಲಕದಲ್ಲೂ ಆರು.

"ಏಳು," ಎಂದ. "ಅವತ್ತು ಬೆಳಿಗ್ಗೆ ಗೇಟಿನ ಹತ್ರ ಒಂದು ಹುಡುಗಿ ನಿಂತಿತ್ತು. ನಾನೇ ಕರೆದು ಕೆಲಸಕ್ಕೆ ಹಚ್ಚಿದೆ. ಹಾಜರಿ ಹಾಕಿರಲಿಲ್ಲ. ಹೆಸರೂ ಕೇಳಿರಲಿಲ್ಲ."

ಊಟದ ಹೊತ್ತಾಯಿತು ಎನ್ನುವ ದನಿ ಅದು. ಅಜ್ಜಿ ಕಿವಿಯಕ್ಕನ ಮಣಿಕಟ್ಟು ಹಿಡಿದುಕೊಂಡಳು. ಅಣ್ಣನ ವಿಷಯ ಪೂರ್ತಿ ಬಲ್ಲೆ ಎಂದುಕೊಂಡೇ ಇಷ್ಟು ವರ್ಷ ಅವನ ಎದುರು ಉಂಡವಳು, ಮಲಗಿದವಳು.

"ನನ್ನ ಇಲ್ಲಿ ಬಿಟ್ಟು ಹೋಗಬೇಡ," ಎಂದಳು.

ಕಿವಿಯಕ್ಕ ಎದ್ದು ಮಂಚದ ಕೆಳಗಿನ ಟ್ರಂಕನ್ನು ಎಳೆದು ನನ್ನ ಕೈಗೆ ಕೊಟ್ಟಳು. ಅಜ್ಜಿಯನ್ನು ತೋಳಿಗೆ ಆನಿಸಿಕೊಂಡು ಬಾಗಿಲಿಗೆ ನಡೆದು ಕುರ್ಚಿಯ ಮುಂದೆ ನಿಂತಳು. ಅವಳ ಸೀರೆಯ ನೆರಿಗೆ ನಡುಗುವುದು ನನಗೆ ಕಾಣುತ್ತಿತ್ತು.

"ದಾರಿ ಬಿಡಿ ಮೇಸ್ತ್ರಿಗಳೇ."

ಅವನು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. ಆಮೇಲೆ ಎದ್ದು, ಕುರ್ಚಿಯನ್ನು ಪಕ್ಕಕ್ಕೆ ಸರಿಸಿದ.