ಚೌಡಮ್ಮನ ಹೂಂ

ಶಿರಸಿಯ ಬಸ್ಸುಗಳು ಹಾರ್ನ್ ಹೊಡೆಯಲು ಶುರುಮಾಡುವ ಮೊದಲೇ ಈ ನಗೆ ಕಾರ್ಯಕ್ರಮದ ಚಿತ್ರೀಕರಣ ಮುಗಿಯಬೇಕು. ಹಾಗಾಗಿ ಬೆಳಕು ಹರಿಯುವಷ್ಟರಲ್ಲೇ ಚೌಡಮ್ಮ ಟೈರ್ ಅಂಗಡಿಯ ಮಹಡಿ ಹತ್ತಿ ಕೇಬಲ್ ಟಿವಿ ಕೋಣೆಯ ಬೀಗ ತೆಗೆಯುತ್ತಾರೆ. ಕಸ ಗುಡಿಸಿ, ನೆಲ ಒರೆಸಿ, ಬಕೆಟ್ಟನ್ನು ಹೊರಗಿಟ್ಟು, ಕ್ಯಾಮೆರಾದ ಪಕ್ಕದಲ್ಲೇ ಕಾಲು ಚಾಚಿ ಕೂರುತ್ತಾರೆ. ಮಂಚಿಕೇರಿಯ ಹಾಸ್ಯಗಾರ ಸುಬ್ರಾಯ ಭಟ್ಟರು ದೀಪದ ಬೆಳಕಿಗೆ ಬಂದು ನಿಂತು, ಒಂದೂರಲ್ಲಿ ಒಬ್ಬ ರಾಕ್ಷಸ ಇದ್ದ ಎನ್ನುತ್ತಾರೆ. ಚೌಡಮ್ಮ "ಹೂಂ" ಎನ್ನುತ್ತಾರೆ. ಕತೆ ಹೊರಡುತ್ತದೆ.

ಭಟ್ಟರ ಕೈಗೆ ಸಿಕ್ಕರೆ ಅಜ್ಜಿಕತೆಯ ರಾಜ, ರಾಕ್ಷಸರೆಲ್ಲ ನಮ್ಮೂರಿನವರೇ ಆಗಿಬಿಡುತ್ತಾರೆ. ರಾಕ್ಷಸನ ಜೀವವಿರುವ ಗಿಳಿಯನ್ನು ಹಿಡಿದು ತರುವ ರಾಜಕುಮಾರ ಯಲ್ಲಾಪುರದ ಫಾರೆಸ್ಟ್ ಗೇಟಿನಲ್ಲಿ ಸಿಕ್ಕಿಬೀಳುತ್ತಾನೆ. ಗಾರ್ಡು ಅಕ್ಕರೆಯಿಂದ ಗಿಳಿಗೆ ಹಸಿಮೆಣಸು ತಿನ್ನಿಸಿದರೆ, ಅತ್ತ ಏಳು ಸಮುದ್ರದಾಚೆ ರಾಕ್ಷಸ ಬಾಯಿ ಉರಿದು ಬೆಲ್ಲದ ಡಬ್ಬಿ ಹುಡುಕುತ್ತಾನೆ. ಕ್ಯಾಸೆಟ್ಟು ಬಸ್ಸು ಹತ್ತಿ ಸಿದ್ದಾಪುರ, ಯಲ್ಲಾಪುರಗಳಿಗೂ ಹೋಗುವುದರಿಂದ ಭಟ್ಟರ ಮುಖ ಮೂರು ತಾಲ್ಲೂಕಿಗೆ ಗೊತ್ತು. ಚೌಡಮ್ಮನ ಮುಖ ಓಣಿಯಾಚೆ ಯಾರಿಗೂ ಗೊತ್ತಿಲ್ಲ.

ಎರಡು ವರ್ಷದ ಹಿಂದೆ, 2002ರಲ್ಲಿ, ಈ ಕಾರ್ಯಕ್ರಮ ಮೊದಲ ದಿನವೇ ಮುಗ್ಗರಿಸಿತ್ತು. ಮದುವೆಮನೆಗಳಲ್ಲಿ ಜನರನ್ನು ಹೊಟ್ಟೆ ಹಿಡಿದು ನಗಿಸುತ್ತಿದ್ದ ಭಟ್ಟರಿಗೆ ಕ್ಯಾಮೆರಾ ಎದುರು ಬಾಯಿ ಒಣಗಿತು. ಕಿನ್ನರಿ ಬಾರಿಸಿದರೆ ಕೋಣವಾದರೂ ಕಿವಿ ಅಲ್ಲಾಡಿಸೀತು, ಈ ಯಂತ್ರ ಅದನ್ನೂ ಮಾಡುವುದಿಲ್ಲ. "ಕ್ಯಾಮೆರಾ ನಗ್ತಿಲ್ಲೆ. ಅದ್ರ ಮುಂದೆ ಆನು ಎಂತ ಹೇಳದು?" ಎಂದು ಭಟ್ಟರು ಕೈಚೆಲ್ಲಿದ್ದರಂತೆ. ಕೇಬಲ್ ಮಾಲೀಕ ಮಂಜಪ್ಪ, ಇನ್ನೊಂದೇ ಸಲ ನೋಡೋಣ, ಆಗದಿದ್ದರೆ ಬಿಟ್ಟುಬಿಡೋಣ ಎಂದರು. ಆ ಕೊನೆಯ ಸಲ ಬಾಗಿಲ ಬಳಿ ನೆಲ ಒರೆಸುತ್ತಿದ್ದ ಚೌಡಮ್ಮನ ಬಾಯಿಂದ ಹೂಂ ಹೊರಬಿತ್ತು. ಮಂಜಪ್ಪ ಗದರಿದರು. ಭಟ್ಟರು ಮಾತ್ರ ಕ್ಯಾಮೆರಾವನ್ನು ಮರೆತು, ಒದ್ದೆ ಬಟ್ಟೆ ಹಿಡಿದು ಕೂತ ಆ ಹೆಂಗಸಿಗೇ ಕತೆ ಹೇಳತೊಡಗಿದರು. ಸ್ವಲ್ಪ ಹೊತ್ತಿಗೆ ಗದರಿದವರೂ ನಗುತ್ತಿದ್ದರು.

ಆ ಹೂಂ ಹುಟ್ಟಿದ್ದು ಎಕ್ಕಂಬಿಯ ಹತ್ತಿರದ ಹಳ್ಳಿಯಲ್ಲಿ. ಹೂಂಗುಟ್ಟುವುದು ನಿಂತರೆ ಅಜ್ಜಿ ಕತೆಯನ್ನೂ ನಿಲ್ಲಿಸಿಬಿಡುತ್ತಿದ್ದಳು. ತಮ್ಮ ತಂಗಿಯರೆಲ್ಲ ನಿದ್ದೆಹೋದರೂ ಚೌಡಮ್ಮ ಹೂಂ ಬಿಡುತ್ತಿರಲಿಲ್ಲ. ಮದುವೆಯಾಗಿ ಶಿರಸಿಗೆ ಬಂದರು, ಗಂಡ ಬೇಗ ತೀರಿಕೊಂಡ, ನಾಲ್ಕು ಮನೆಯ ಪಾತ್ರೆ ತಿಕ್ಕಿ ಹೆಣ್ಣುಮಕ್ಕಳಿಬ್ಬರನ್ನು ದಡ ಸೇರಿಸಿದರು. "ಮಕ್ಳಿಗೆ ನಾನು ಕತೆ ಹೇಳ್ದೆ. ನಂಗೆ ಹೇಳೋರು ಯಾರೂ ಇರ್ಲಿಲ್ಲ. ಅವತ್ತು ಭಟ್ರು ಶುರುಮಾಡಿದ್ ಕೂಡ್ಲೆ ತಡ್ಕಳಕ್ಕೇ ಆಗ್ಲಿಲ್ಲ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಅವರು ನಕ್ಕರೆ ಎದುರಿಗಿದ್ದವರು ಸುಮ್ಮನಿರುವುದು ಕಷ್ಟ, ನನಗೂ ಆಗಲಿಲ್ಲ.

ಒಮ್ಮೆ ಮಂಜಪ್ಪನವರಿಗೆ ಪೇಟೆಯ ಟಿವಿಗಳ ಗಾಳಿ ಸೋಕಿತು. ಹೂಂ ಅಳಿಸಿ, ರೆಡಿಮೇಡ್ ನಗು ತುಂಬಿಸಿದರು. ಅಂದು ಸಂಜೆಯೊಳಗೆ ಸಿದ್ದಾಪುರದಿಂದ ಫೋನಿನ ಮೇಲೆ ಫೋನು. ಒಬ್ಬ ಅಜ್ಜಿಯಂತೂ, ಹೂಂ ಅನ್ನುವ ಅಮ್ಮನಿಗೆ ಹುಷಾರಿಲ್ಲವೇ ಎಂದು ಗಾಬರಿಯಿಂದ ವಿಚಾರಿಸಿದರಂತೆ. ಮರುವಾರವೇ ಹೂಂ ಮರಳಿತು.

ಈಗ ಹುಬ್ಬಳ್ಳಿಯ ದೊಡ್ಡ ಚಾನೆಲ್ಲೊಂದು ಭಟ್ಟರನ್ನು ಕರೆದಿದೆ. ಹೂಂ ಅವರಿಗೂ ಬೇಕು, ಆದರೆ ಟೇಪಿನಲ್ಲಿ ತುಂಬಿಸಿ ಕಳುಹಿಸಿದರೆ ಸಾಕು, ಅಮ್ಮ ಬರುವುದು ಬೇಡ ಎಂದರು. ಚೌಡಮ್ಮ ಆ ವಾರವೆಲ್ಲ ನೆಲ ಒರೆಸಿ, ಕತೆಗೆ ಕೂರದೆ ಮನೆಗೆ ಹೋದರು. ಇದನ್ನು ಭಟ್ಟರಿಗೆ ಸಹಿಸಲಾಗಲಿಲ್ಲ. ಚೌಡಮ್ಮ ಬಂದರೆ ನಾನೂ ಬರುತ್ತೇನೆ, ಇಲ್ಲವಾದರೆ ಇಲ್ಲ ಎಂದು ಹುಬ್ಬಳ್ಳಿಗೆ ಹೇಳಿಬಿಟ್ಟರು. ಚಾನೆಲ್ಲಿನವರು ಒಪ್ಪಿದ್ದಾರೆ, ಬರುವ ಸೋಮವಾರ ಇಬ್ಬರೂ ಮೊದಲ ಬಸ್ಸಿಗೆ ಹೊರಡುತ್ತಾರೆ.

ಟೇಪು ಕಳುಹಿಸಿ ಮನೆಯಲ್ಲಿ ಆರಾಮಾಗಿ ಇರಬಹುದಿತ್ತಲ್ಲ, ಈ ವಯಸ್ಸಿನಲ್ಲಿ ಯಾಕೆ ಅಷ್ಟು ದೂರದ ಓಡಾಟ ಎಂದು ಕೇಳುತ್ತೇನೆ. ಇಷ್ಟೂ ತಿಳಿಯದವನೇ ಎಂಬಂತೆ ಚೌಡಮ್ಮ ನನ್ನನ್ನೇ ನೋಡುತ್ತಾರೆ.

"ಹೂಂ ಬೇಕಾರೆ ಟೇಪಲ್ಲೇ ತಗಂಡು ಹೋಗ್ಲಿ. ಕತೆ ಮುಂದೆ ಎಂತಾತು ಅಂತ ನಂಗೆ ಗೊತ್ತಾಗ್ಬೇಕಲ್ಲ."