ಅತ್ತೆಗೆಂದು ಮಾಡಿದ ಹಗುರ ಅಡುಗೆ

ನಮ್ಮ ಅತ್ತೆಗೆ ಊಟವೆಂದರೆ ಪ್ರಾಣ. ಇದನ್ನು ನಾನು ದೂರಿ ಹೇಳುತ್ತಿಲ್ಲ. ಅಷ್ಟು ಪ್ರೀತಿಯಿಂದ ಉಣ್ಣುವವರು ಮನೆಯಲ್ಲಿದ್ದರೆ ಅಡುಗೆ ಮಾಡುವವಳಿಗೇ ಸುಖ. ಗಜೇಂದ್ರಗಡದ ಪೇಟೆಯಲ್ಲಿ ಕಾಳುಕಡಿ ವ್ಯಾಪಾರದ ಮನೆ ಅವರದು. ತುಪ್ಪಕ್ಕೂ ಬೆಲ್ಲಕ್ಕೂ ಕೊರತೆಯಿರಲಿಲ್ಲ. ನಾನು ಅಸೂಟಿಯ ಒಕ್ಕಲುತನದ ಮನೆಯಿಂದ ಸೊಸೆಯಾಗಿ ಬಂದಾಗ ನನಗೆ ಹದಿನಾರು. ಮೊದಲ ದಿನವೇ ಅತ್ತೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೋಳಿಗೆಯ ಮೇಲೆ ತುಪ್ಪ ಸುರಿದು, "ತಿನ್ನವಾ, ಇಲ್ಲಿ ಯಾರೂ ಎಣಸಂಗಿಲ್ಲ" ಎಂದರು. ಅವರದು ತುಂಬಿದ ಮೈ, ಮನೆ ತುಂಬುವ ನಗು. ಬಳೆಗಾರ ಬಂದರೆ ಅವರ ಕೈಗೆ ಬಳೆ ಏರಿಸುವಷ್ಟರಲ್ಲಿ ಬೆವರಿ ಹೋಗುತ್ತಿದ್ದ.

ಎರಡನೆಯ ವರ್ಷ ಅವರಿಗೆ ನೀರಡಿಕೆ ಹತ್ತಿತು. ಕೊಡಗಟ್ಟಲೆ ಕುಡಿಯುವುದು, ಮತ್ತೆ ಮತ್ತೆ ಹಿತ್ತಲಿಗೆ ಹೋಗುವುದು. ಅವರು ಕೂತು ಎದ್ದ ಜಾಗಕ್ಕೆ ಇರುವೆ ಮುತ್ತುವುದನ್ನು ಮೊದಲು ಕಂಡವಳು ನಾನೇ. ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಆಮೇಲೆ ಬಲಗಾಲಿನ ಹೆಬ್ಬೆರಳಿಗೆ ಕಲ್ಲು ತಾಗಿ ಆದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಮಾವ ರೋಣದಿಂದ ವೈದ್ಯರನ್ನು ಕರೆಸಿದರು. ಅವರು ನಾಡಿ ಹಿಡಿದರು, ಗಾಯ ನೋಡಿದರು, ಇರುವೆಯ ಸಂಗತಿ ಕೇಳಿದರು. ನಾನು ಬಾಗಿಲ ಮರೆಯಿಂದಲೇ ಹೌದೆಂದೆ.

"ಇದು ಸಿಹಿ ಮೂತ್ರದ ಬ್ಯಾನಿ" ಎಂದರು ವೈದ್ಯರು. "ಬೆಲ್ಲ, ಅಕ್ಕಿ, ತುಪ್ಪ ಇವತ್ತಿಂದ ಬಂದ್. ನವಣಿ, ಹೆಸರು, ತಪ್ಪಲಪಲ್ಯ, ಮಜ್ಜಿಗಿ ಇಷ್ಟ ಕೊಡ್ರಿ. ಮೈ ಇಳೀಬೇಕು. ಇಳೀಲಿಲ್ಲಂದ್ರ ಮೊದಲ ಈ ಕಾಲು ಹೋಗತೈತಿ, ಆಮ್ಯಾಲ ಜೀವ."

ವೈದ್ಯರು ಏನೇನು ಹಾಕಬೇಕೆಂದು ಹೇಳಿದರೇ ಹೊರತು ಹೇಗೆ ಮಾಡಬೇಕೆಂದು ಹೇಳಲಿಲ್ಲ. ಮರುದಿನ ನಾನು ಬರೀ ನವಣೆ ಬೇಯಿಸಿ, ಹಾಗಲಕಾಯಿ ಕುದಿಸಿ ತಟ್ಟೆಗೆ ಹಾಕಿಕೊಟ್ಟೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಅಳತೊಡಗಿದರು. "ದನಕ್ಕೂ ಇದಕ್ಕಿಂತ ಚಲೋದು ಹಾಕ್ತೀವಲ್ಲವಾ" ಎಂದರು. ಮೂರನೆಯ ದಿನ ಅವರು ಅಟ್ಟದ ಮೇಲಿನ ಗಡಿಗೆಗೆ ಕೈ ಹಾಕಿ ಬೆಲ್ಲ ತಿನ್ನುವಾಗ ನನ್ನ ಕಣ್ಣಿಗೆ ಬಿದ್ದರು. ಮೂರು ಮೊಮ್ಮಕ್ಕಳ ಅಜ್ಜಿಯಾಗಬೇಕಾದ ವಯಸ್ಸಿನ ಹೆಂಗಸು, ಕಳ್ಳಿಯ ಹಾಗೆ ಸೆರಗಿನಿಂದ ಬಾಯಿ ಒರೆಸಿಕೊಂಡು ನಿಂತಿದ್ದರು. ನನಗೆ ಕೋಪ ಬಂತು, ಆದರೆ ಅವರ ಮೇಲಲ್ಲ, ನಾನು ಮಾಡಿದ ಅಡುಗೆಯ ಮೇಲೆ. ಅಂಥ ಅಡುಗೆ ನನಗೆ ಯಾರಾದರೂ ಬಡಿಸಿದ್ದರೆ ನಾನು ತಟ್ಟೆಯನ್ನೇ ಬೀಸಿ ಒಗೆಯುತ್ತಿದ್ದೆ.

ನನ್ನ ತಾಯಿ ಆರು ಜನರ ಹೊಟ್ಟೆಯನ್ನು ಅಂಗೈ ತೋಯುವಷ್ಟು ಎಣ್ಣೆಯಲ್ಲಿ ತುಂಬಿಸಿದವಳು. ಅದನ್ನು ನೆನಪಿಗೆ ತಂದುಕೊಂಡು ನಾನು ಒಲೆಯ ಮುಂದೆ ಕೂತೆ. ಒಗ್ಗರಣೆಗೆ ಎಣ್ಣೆಯೇ ಬೇಕೆಂದಿಲ್ಲ. ಬಿಸಿ ಹಂಚಿನ ಮೇಲೆ ಬಳ್ಳೊಳ್ಳಿ, ಜೀರಿಗೆ, ಒಣಮೆಣಸಿನಕಾಯಿ ಹುರಿದು, ಕರಿಯಾಗುವ ಮೊದಲು ತೆಗೆದು ಜಜ್ಜಿ ಪಲ್ಯಕ್ಕೆ ಹಾಕಿದರೆ ಪಕ್ಕದ ಮನೆಯವರೂ ಮೂಗು ಅರಳಿಸುತ್ತಾರೆ. ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಹುಣಸೆ ಹುಳಿ, ಉಳ್ಳಾಗಡ್ಡಿ ಹಾಕಿ ಹಿಸುಕಿದರೆ ಎಣ್ಣೆಯ ನೆನಪೇ ಬರುವುದಿಲ್ಲ. ಮಡಕಿ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಅರ್ಧ ಬೇಯಿಸಿದರೆ ಅಗಿಯುವುದಕ್ಕೇ ಹೊತ್ತು ಹಿಡಿಯುತ್ತದೆ. ಹೊಟ್ಟೆ ತುಂಬುವುದು ಅರ್ಧ ಹಲ್ಲಿನ ಕೆಲಸ ಎಂಬುದು ಅತ್ತೆಗಿಂತ ಮೊದಲು ನನಗೆ ತಿಳಿಯಿತು. ಅವರದು ಗಬಗಬ ನುಂಗುವ ಊಟ.

ಹಾಗಾಗಿ ನಾನು ಬಡಿಸುವ ಕ್ರಮವನ್ನೇ ಬದಲಿಸಿದೆ. ಮೊದಲು ಹಸಿ ಮೆಂತ್ಯದ ಸೊಪ್ಪು, ಎಳೆ ಮೂಲಂಗಿ, ಹೊಳೆಆಲೂರಿನ ಕಡೆಯಿಂದ ಬರುವ ಸೌತೆಕಾಯಿ. ಆಮೇಲೆ ಒಂದು ಬಟ್ಟಲು ಹುರುಳಿಯ ಕಟ್ಟು, ನೀರಿನಷ್ಟು ತೆಳು, ಮೆಣಸು ಹಾಕಿ ಬಾಯಿ ಸುಡುವಷ್ಟು ಬಿಸಿ. ಅದು ಮುಗಿಯುವವರೆಗೂ ರೊಟ್ಟಿ ಕೊಡುತ್ತಿರಲಿಲ್ಲ. ರೊಟ್ಟಿಯೂ ಒಂದೇ, ಆದರೆ ಹಿಟ್ಟಿನಲ್ಲಿ ಅರ್ಧದಷ್ಟು ಮೆಂತ್ಯದ ಸೊಪ್ಪು ಕಲಸಿ, ತೆಳ್ಳಗೆ, ತಟ್ಟೆ ಮುಚ್ಚುವಷ್ಟು ಅಗಲಕ್ಕೆ ಬಡಿಯುತ್ತಿದ್ದೆ. ನೋಡಿದವರಿಗೆ ಸೊಸೆ ಎರಡು ರೊಟ್ಟಿ ಹಾಕಿದಳೆಂದೇ ಅನ್ನಿಸಬೇಕು. ಕೊನೆಗೆ ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ನವಣೆಯ ಅನ್ನ, ಮೇಲೆ ಚಿಟಿಕೆ ಅಗಸಿ ಚಟ್ನಿಪುಡಿ.

ಮೊದಲ ವಾರ ಅತ್ತೆ ಗೊಣಗಿದರು. ಎರಡನೆಯ ವಾರ ಸುಟ್ಟ ಬದನೆಕಾಯಿಯನ್ನು ಬಟ್ಟಲ ತಳದಿಂದ ಬೆರಳಲ್ಲಿ ಒರೆಸಿ ನೆಕ್ಕಿದರು. "ಏ ಹುಡುಗಿ, ನೀ ನನಗ ಮೋಸ ಮಾಡಾಕತ್ತೀದಿ. ಇದರಾಗ ಎಣ್ಣಿ ಐತಿ ಹೌದಿಲ್ಲೋ?" ಎಂದರು. ನಾನು ತುಂಬಿದ್ದು ತುಂಬಿದ ಹಾಗೇ ಇದ್ದ ಎಣ್ಣೆಯ ಗಿಂಡಿ ತಂದು ತೋರಿಸಿದೆ. ಇಬ್ಬರೂ ನಕ್ಕೆವು. ಅಂದಿನಿಂದ ಅವರು ಅಡುಗೆಮನೆಯಲ್ಲಿ ನನ್ನ ಎದುರಿಗೇ ಕೂತು ಸೊಪ್ಪು ಸೋಸತೊಡಗಿದರು. ತಾಯಿ ಬಿಟ್ಟರೆ ನಾನು ಅಷ್ಟು ಹಚ್ಚಿಕೊಂಡದ್ದು ಅವರೊಬ್ಬರನ್ನೇ.

ಒಂದು ವರ್ಷ ಹಾಗೆ ನಡೆಯಿತು. ನೀರಡಿಕೆ ನಿಂತಿತು. ಹೆಬ್ಬೆರಳ ಗಾಯ ಒಣಗಿ, ಹೊಸ ಚರ್ಮ ಬಂತು. ಅತ್ತೆ ಯಾರ ಕೈಯನ್ನೂ ಹಿಡಿಯದೆ ಊರ ಗುಡ್ಡದ ಮೆಟ್ಟಿಲು ಹತ್ತಿದರು. ರೋಣದ ವೈದ್ಯರು ಬಂದವರು, "ನಾ ಔಷಧಿ ಕೊಟ್ಟಿದ್ದು ಅಲ್ಪ, ಇದೆಲ್ಲಾ ನಿಮ್ಮ ಸೊಸಿ ಕೈಗುಣ" ಎಂದು ಮಾವನ ಎದುರಿಗೇ ಹೇಳಿದರು. ಆ ಮಾತಿನಿಂದ ನನಗೆ ಎಷ್ಟು ಕೊಬ್ಬು ಬಂತೆಂದರೆ ನಾಲ್ಕು ದಿನ ನೆಲದ ಮೇಲೆ ಕಾಲಿರಲಿಲ್ಲ.

ಆದರೆ ಅತ್ತೆಯ ಮೈ ಇಳಿದಿತ್ತಲ್ಲ, ಮುಂಗೈಯೂ ಇಳಿದಿತ್ತು. ಒಂದು ದಿನ ಅಂಗಳದಲ್ಲಿ ಕೈ ತೊಳೆಯುವಾಗ ಒಂದು ಹಸಿರು ಬಳೆ ತಾನಾಗಿ ಜಾರಿ ಹಾಸುಗಲ್ಲಿಗೆ ಬಿದ್ದು ಚೂರಾಯಿತು. ನೀರಿಗೆ ಬಂದಿದ್ದ ಇಬ್ಬರು ಹೆಂಗಸರು ಅದನ್ನು ಕಂಡರು. ಗಂಡ ಬದುಕಿರುವ ಹೆಂಗಸಿನ ಬಳೆ ಒಡೆಯುವುದು ಬೇರೆ, ತಾನಾಗಿ ಕೈಬಿಟ್ಟು ಜಾರುವುದು ಬೇರೆ. ಜಾರಿದರೆ ಗಂಡನ ಆಯುಷ್ಯಕ್ಕೆ ಕೇಡೆಂದು ನಮ್ಮ ಕಡೆ ಹೆದರುತ್ತಾರೆ. ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ. ಸೊಸೆ ಅತ್ತೆಯನ್ನು ಉಪವಾಸ ಕೆಡವಿ ಮಾವನ ಮೇಲೆ ಕೇಡು ತರುತ್ತಿದ್ದಾಳೆ ಎಂದು ಆಡಿಕೊಂಡರು.

ಆಗ ನಾನು ಬಸುರಿ. ಏಳನೆಯ ತಿಂಗಳಿಗೆ ಕುಬಸ ಇಟ್ಟುಕೊಂಡಿದ್ದರು. ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಮೊದಲ ಹೆರಿಗೆಗೆ ತೌರಿಗೆ ಕಳಿಸುವ ಕಾರ್ಯ. ಅದಕ್ಕೆ ಪುರ್ತಗೇರಿಯಿಂದ ಮಾವನ ಅಕ್ಕ ಬಂದರು. ನಾನು ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆ. ನಾನು ಹೋದಮೇಲೆ ಅಡುಗೆಮನೆ ನೋಡಿಕೊಳ್ಳಬೇಕಾದವರೂ ಅವರೇ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಗಂಡ ಸಾಯುವ ಎಂಟು ದಿನ ಮೊದಲು ಅವರ ಬಳೆ ಬಾವಿಯಲ್ಲಿ ಜಾರಿ ಬಿದ್ದಿತ್ತಂತೆ. ಅದನ್ನು ಅವರು ಎಂದೂ ಮರೆತಿರಲಿಲ್ಲ.

ಕುಬಸದ ದಿನ ಬಳೆಗಾರ ನನ್ನ ಕೈ ತುಂಬ ಬಳೆ ಇಟ್ಟು, ಅತ್ತೆಯ ಕಡೆ ತಿರುಗಿದ. "ಯವ್ವಾರ, ನಿಮಗ ಈಗ ಹುಡುಗ್ಯಾರ ಅಳತಿ ಸಾಕ್ರಿ. ಇಟ್ಟು ಬಿಡ್ಲ್ಯಾ?" ಎಂದ. ಅತ್ತೆ ನಗುತ್ತ ಕೈ ಚಾಚಿದರು. ಸಣ್ಣ ಬಳೆ ಇಟ್ಟುಬಿಟ್ಟಿದ್ದರೆ ಜಾರುವ ಮಾತೇ ಇರುತ್ತಿರಲಿಲ್ಲ. ದೊಡ್ಡತ್ತೆ ನಡುವೆ ಬಂದು ಆ ಕೈ ಹಿಂದಕ್ಕೆ ಎಳೆದರು.

"ಮುತ್ತೈದಿ ಕೈ ಸಣ್ಣಾಗಬೇಕೇನು, ಬಳಿ ಸಣ್ಣಾಗಬೇಕೇನು? ಕೈಗಿ ತಕ್ಕಂಗ ಸೌಭಾಗ್ಯ ಕಡಿಮಿ ಮಾಡ್ಕೋತಾರೇನು ಯಾರರ? ಇದ್ದ ಬಳಿನ ಇರ್ಲಿ. ನಾ ಅದೀನಲ್ಲ, ಎರಡ ತಿಂಗಳಿನ್ಯಾಗ ಆಕಿ ಕೈ ಮೊದಲಿನಂಗ ತುಂಬಸ್ತೀನಿ. ನನಗ ನನ್ನ ತಮ್ಮ ಬೇಕು."

ಅತ್ತೆ ನನ್ನ ಮುಖ ನೋಡಿದರು. ನಾನು ಬಾಯಿ ಬಿಟ್ಟಿದ್ದರೆ ಅವರೂ ಗಟ್ಟಿಯಾಗುತ್ತಿದ್ದರು. ವೈದ್ಯರ ಮಾತನ್ನು ಮಾವನ ಕಿವಿಗೂ ಇನ್ನೊಮ್ಮೆ ಹಾಕಬಹುದಿತ್ತು. ಆದರೆ ದೊಡ್ಡತ್ತೆಗೆ ಎದುರಾಡಿದರೆ ಜಗಳ. ಜಗಳವಾದರೆ ಆ ದಿನ ಗಾಡಿ ಹೊರಡುವುದಿಲ್ಲ. ತೌರು ಬಿಟ್ಟು ಮೂರು ವರ್ಷವಾಗಿತ್ತು, ನನಗೆ ತಾಯಿ ಬೇಕಾಗಿದ್ದಳು. ನಾನು ತಲೆ ತಗ್ಗಿಸಿ ಹೊಸ ಬಳೆಗಳನ್ನು ನೋಡುತ್ತ ಕೂತೆ. ಗಾಡಿ ಹತ್ತುವಾಗ ದೊಡ್ಡತ್ತೆಯ ಕಿವಿಯಲ್ಲಿ, "ಬೆಲ್ಲ ಮಾತ್ರ ಕೊಡಬ್ಯಾಡ್ರಿ" ಎಂದೆ. "ನೀ ಸುಮ್ನ ಹೋಗವ್ವ, ನಾ ಏನ ಇಸಾ ಹಾಕ್ತೀನೇನು" ಎಂದರು.

ಅಸೂಟಿಯಲ್ಲಿ ನನಗೆ ಗಂಡುಮಗು ಹುಟ್ಟಿತು. ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಬಂದ ನಮ್ಮ ಮನೆಯವರು, ಎಂದರೆ ನನ್ನ ಗಂಡ, ಬಾಯಿ ತುಂಬ ನಗುತ್ತ, "ಅವ್ವ ಭಾಳ ಚಲೋ ಆಗ್ಯಾಳ. ಮೈ ಕೈ ತುಂಬ್ಯಾವ. ದೊಡ್ಡತ್ತಿ ದಿನಾ ಹುಗ್ಗಿ ಉಣಸ್ತಾಳ" ಎಂದರು. ಕಾಲು ಹೇಗಿದೆ ಎಂದೆ. "ಸಣ್ಣದೊಂದು ಗುಳ್ಳಿ ಎದ್ದೈತಿ, ಅಷ್ಟ" ಎಂದರು. ನಾನು ಆಗಲೇ ಹೊರಡುತ್ತೇನೆಂದು ಹಟ ಹಿಡಿದೆ. ಐದು ತಿಂಗಳು ತುಂಬದೆ ಬಾಣಂತಿಯನ್ನು ಕಳಿಸುವ ಪದ್ಧತಿಯಿಲ್ಲವೆಂದು ತಾಯಿ ಕಣ್ಣು ಕೆಂಪು ಮಾಡಿದಳು. ಕೊನೆಗೆ ಅವಳೂ ಮೆತ್ತಗಾಗುವ ಹೊತ್ತಿಗೆ ನರಗುಂದದಲ್ಲಿ ದಂಗೆಯೆದ್ದಿತು. ದಾರಿಯಲ್ಲಿ ದಂಡು ಓಡಾಡುತ್ತಿದೆ, ಗಾಡಿ ಕಂಡರೆ ಎತ್ತು ಬಿಚ್ಚಿಕೊಳ್ಳುತ್ತಾರೆ ಎಂಬ ಸುದ್ದಿಗೆ ಯಾರೂ ಗಾಡಿ ಕಟ್ಟಲು ಒಪ್ಪಲಿಲ್ಲ. ಮಗುವಿಗೆ ಹಾಲೂಡಿಸುತ್ತ ನಾನು ದಿನವೂ ಒಂದೇ ಲೆಕ್ಕ ಹಾಕುತ್ತಿದ್ದೆ: ಇವತ್ತು ಅಲ್ಲಿ ಏನು ಬೇಯಿಸಿರಬಹುದು.

ದಾರಿ ತೆರವಾಗಿ ನಾನು ಗಜೇಂದ್ರಗಡ ಮುಟ್ಟಿದಾಗ ಮಳೆಗಾಲ ಹಿಡಿದಿತ್ತು. ಅತ್ತೆ ನಡುಮನೆಯಲ್ಲಿ ಮಲಗಿದ್ದರು. ಮುಖ ಉಬ್ಬಿತ್ತು, ಹಸಿರು ಬಳೆಗಳು ಮುಂಗೈಯಲ್ಲಿ ಹೂತಿದ್ದವು. ಬಲಗಾಲು ಹೆಬ್ಬೆರಳಿನಿಂದ ಹಿಮ್ಮಡಿಯವರೆಗೆ ಕಪ್ಪಾಗಿತ್ತು. ಆ ವಾಸನೆಯನ್ನು ನಾನು ಬರೆಯಲಾರೆ. ದೊಡ್ಡತ್ತೆ ತಲೆದೆಸೆಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದರು, ನಿದ್ದೆಯಿಲ್ಲದೆ ಅವರ ಕಣ್ಣು ಗುಳಿ ಬಿದ್ದಿದ್ದವು. ಅವರು ಪ್ರೀತಿಯಿಂದಲೇ ಮಾಡಿದ್ದರು, ಅದೇ ನನಗೆ ತಡೆಯಲಾಗಲಿಲ್ಲ. ವೈರಿಯಾಗಿದ್ದರೆ ಕೂದಲು ಹಿಡಿದು ಜಗ್ಗಾಡುತ್ತಿದ್ದೆ.

ಮಗುವನ್ನು ಅತ್ತೆಯ ಎದೆಯ ಮೇಲೆ ಮಲಗಿಸಿದೆ. "ಬ್ಯಾಡ ಅಂತ ಯಾಕ ಅನಲಿಲ್ರಿ?" ಎಂದು ಕೇಳಿದೆ. ಕೇಳಬಾರದಿತ್ತು.

"ಹ್ಯಾಂಗ ಅನ್ಲೆವಾ" ಎಂದರು ಅತ್ತೆ. "ಒಂದೊಂದು ತುತ್ತಿಗೂ ನಿಮ್ಮ ಮಾವನ ಹೆಸರು ಹೇಳಿ ಉಣಿಸಿದ್ರು. ಒಲ್ಲೆ ಅಂದ್ರ ಏನಾದಂಗಾತು?" ಮಗುವಿನ ಬೆನ್ನು ಸವರುತ್ತ, "ರುಚಿನೂ ಇತ್ತು ಬಿಡು" ಎಂದು ನಗಲು ನೋಡಿದರು.

ಎಂಟು ದಿನಕ್ಕೆ ಅತ್ತೆ ತೀರಿಹೋದರು. ಅರಿಷಿಣ ಕುಂಕುಮ ಹಚ್ಚಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿದರು. ಓಣಿಯ ಹೆಂಗಸರು ಸಾಲುಗಟ್ಟಿ ಬಂದು ಅವರ ಕಾಲು ಮುಟ್ಟಿದರು, ಆ ಕಪ್ಪು ಕಾಲನ್ನೇ. "ಪುಣ್ಯವಂತಿ, ಗಂಡನ ಮುಂದ ಮುತ್ತೈದಿಯಾಗಿ ಹ್ವಾದ್ಳು" ಎಂದರು. ಅವರಿಗೆಲ್ಲ ನಿಜವಾಗಿ ಸಮಾಧಾನವಾಗಿತ್ತು. ಕೇಡು ತಪ್ಪಿತ್ತು, ಮಾವ ಉಳಿದಿದ್ದರು. ನನಗೆ ಅವರೆಲ್ಲರ ಬಾಯಿಗೆ ಬೂದಿ ತುಂಬಬೇಕೆನ್ನಿಸಿತು. ಮಗು ಅತ್ತಿತೆಂದು ನೆಪ ಮಾಡಿ ಒಳಗೆ ಹೋಗಿ ಗೋಡೆಗೆ ತಲೆ ಕೊಟ್ಟು ಕಣ್ಣೀರಿಟ್ಟೆ.

ಮೂರನೆಯ ದಿನದ ಕಾರ್ಯ ಮುಗಿದು, ದೊಡ್ಡತ್ತೆ ಪುರ್ತಗೇರಿಗೆ ಹೋದಮೇಲೆ, ಮಾವ ಅಡುಗೆಮನೆಯ ಬಾಗಿಲಿಗೆ ಬಂದರು. ಆ ಮನೆಯಲ್ಲಿ ಗಂಡಸರು ಹೊಸ್ತಿಲ ಈಚೆಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಅವರು ಒಳಗೇ ಬಂದು ಒಲೆಯ ಮುಂದೆ ನೆಲಕ್ಕೆ ಕೂತರು.

"ನೀ ಅಕ್ಕನ ಮ್ಯಾಲ ಸಿಟ್ಟಾಗೀದಿ, ನನಗ ಗೊತ್ತೈತಿ" ಎಂದರು. "ಆಕಿನ್ನ ಬಿಡವ್ವ. ವೈದ್ಯರು ಹೇಳಿದ್ದು ನನ್ನ ಮುಂದ. ಬ್ಯಾಡ ಅನ್ನಾಕ ನನಗ ಒಂದ ಮಾತು ಸಾಕಿತ್ತು. ಬಳಿ ಬಿಗಿ ಆದ ದಿನ ಅಕ್ಕ ಬಂದು ತೋರಿಸಿದ್ಳು. ನನಗ ಭಾಳ ಹಗುರ ಆತು. ಇಕಿ ಚಲೋ ಆದ್ಳು ಅಂತಲ್ಲ. ನಾ ಉಳದೆ ಅಂತ."

ಇಷ್ಟು ಹೇಳಿ ಅವರು ಪಂಚೆಯಲ್ಲಿ ಮುಖ ಮುಚ್ಚಿಕೊಂಡರು. ಆ ಹೊತ್ತಿನಲ್ಲಿ ನನ್ನದನ್ನೂ ಹೇಳಬೇಕಿತ್ತು. ಅತ್ತೆ ನನ್ನ ಮುಖ ನೋಡಿದ್ದು, ನಾನು ತೌರಿನ ಗಾಡಿ ತಪ್ಪೀತೆಂದು ತಲೆ ತಗ್ಗಿಸಿದ್ದು, ಎಲ್ಲವೂ ನಾಲಗೆಯ ತುದಿಗೆ ಬಂದಿತ್ತು. ಆದರೆ ವೈದ್ಯರ ಮುಂದೆ ಕೈಗುಣದವಳು ಎಂದು ಹೊಗಳಿಸಿಕೊಂಡ ಸೊಸೆ ನಾನು. ಅವರ ಕಣ್ಣಲ್ಲಿ ಸಣ್ಣವಳಾಗಲು ನನಗೆ ಮನಸ್ಸಾಗಲಿಲ್ಲ. "ಹಂಗ ಅನಬ್ಯಾಡ್ರಿ ಮಾವ" ಎಂದಷ್ಟೇ ಹೇಳಿ ನೀರು ಕೊಟ್ಟೆ. ಅವರು ಹೆಂಡತಿಯನ್ನು ಕೊಂದವನು ತಾನೊಬ್ಬನೇ ಎಂದು ನಂಬಿಕೊಂಡು ಇನ್ನೂ ಹನ್ನೊಂದು ವರ್ಷ ಬದುಕಿದರು.