ಪುಟದಲ್ಲಿ ಇಲ್ಲದ ಮಾತು

ಮೊನ್ನೆ ಸೊಸೆ ಮೊಗೆಕಾಯಿ ಹೆಚ್ಚುತ್ತಿದ್ದಾಗ ಆ ತಂಪಾದ ಹಸಿ ವಾಸನೆ ದೇವರ ಕೋಣೆಯವರೆಗೂ ಬಂತು. ಜಪದ ಎಣಿಕೆ ತಪ್ಪಿಹೋಯಿತು. ಬಾಳೆನಾರಿನಲ್ಲಿ ಕಟ್ಟಿದ ಮೊಗೆಕಾಯಿಗಳನ್ನು ಬುಟ್ಟಿಯಲ್ಲಿ ಹೊತ್ತು, ಹಳದೀಪುರದ ಕಡೆಯಿಂದ ಹೊನ್ನಾವರಕ್ಕೆ ನಡೆದು ಬರುತ್ತಿದ್ದ ಆ ತಾಯಿ ಕಣ್ಣ ಮುಂದೆ ನಿಂತರು. ಇಂದು ಅವರನ್ನು ಗೌರವದಿಂದ ನೆನೆಯುತ್ತಿದ್ದೇನೆ. ಅಂದು ಹಾಗೆ ಕರೆದವನಲ್ಲ.

ಹೊನ್ನಾವರದ ಶಾಲೆಯೊಂದರಲ್ಲಿ ನಾನು ಸಂಸ್ಕೃತ ಕಲಿಸುತ್ತಿದ್ದ ದಿನಗಳವು. ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿ ಒಂದೆರಡು ವರ್ಷಗಳಾಗಿದ್ದವು. ಹೊಸ ರಾಜ್ಯದ ನೆಲ, ಚರಿತ್ರೆ, ಸಂಸ್ಕೃತಿಗಳನ್ನು ಪ್ರವಾಸಿಗರಿಗೆ ಪರಿಚಯಿಸುವ ಪುಸ್ತಕವೊಂದನ್ನು ಹೊರತರಲು ಧಾರವಾಡದ ಪ್ರಕಾಶಕರೊಬ್ಬರು ಮುಂದಾದರು. ಕರಾವಳಿಯ ಭಾಗ ನನ್ನ ಪಾಲಿಗೆ ಬಂತು. ಶರಾವತಿ, ಅಘನಾಶಿನಿಗಳನ್ನೂ ಭಟ್ಕಳದ ಹಳೆಯ ಬಸದಿಗಳನ್ನೂ ಗ್ರಂಥಗಳ ಆಧಾರದಿಂದ ವರ್ಣಿಸಿದೆ. ಇಲ್ಲಿಯ ಹಾಡುಗಳ ವಿಚಾರಕ್ಕೆ ಬಂದಾಗ ಮಾತ್ರ ಯಾವ ಗ್ರಂಥವೂ ಒದಗಲಿಲ್ಲ.

ಒದಗಿದವರು ಆ ತಾಯಿ. ತರಕಾರಿ ಮಾರಿ ಮುಗಿಸಿ ನಮ್ಮ ಅಂಗಳದಲ್ಲಿ ಕುಳಿತು, ಜಗಲಿಯ ಮೇಲಿದ್ದ ನನಗೆ ಅನೇಕ ದಿನ ಹೇಳಿದರು... ಗದ್ದೆಯಲ್ಲಿ ಸಸಿ ನೆಡುವ ನೆಟ್ಟಿಗೆ ಯಾವ ಹಾಡು, ಮದುವೆಯ ಚಪ್ಪರಕ್ಕೆ ಯಾವುದು, ಮಗು ತೊಟ್ಟಿಲೇರುವಾಗ ಯಾವುದು. ಒಮ್ಮೆ ಕಿವಿಗೆ ಬಿದ್ದದ್ದನ್ನು ಅವರು ಮರೆಯುತ್ತಿರಲಿಲ್ಲ. ಅಜ್ಜಿಯಿಂದ ಕೇಳಿದ ಹಾಡುಗಳೆಲ್ಲ ಹಾಗೆಯೇ ಉಳಿದಿದ್ದವು. ಪುಸ್ತಕ ಯಾರಿಗೆಂದು ಕೇಳಿದರು. ಘಟ್ಟದ ಮೇಲಿನವರಿಗೆ ನಮ್ಮ ಸೀಮೆಯನ್ನು ತೋರಿಸಲು ಎಂದೆ.

“ಸಮುದ್ರ ತೋರ್ಸೂಕೆ ಪುಸ್ತಕ ಎಂತಕೆ ಒಡ್ಯಾ? ಬಂದ್ರೆ ಅದೇ ಕಾಣ್ತದಲ್ಲ,” ಎಂದು ನಕ್ಕರು.

ಅವರು ಬೇಡಿದ್ದು ಒಂದೇ: ತಮ್ಮವರ ಬಗ್ಗೆ ಬರೆದದ್ದನ್ನು ಒಮ್ಮೆ ಓದಿ ಹೇಳಬೇಕು.

ಪುಸ್ತಕ ಬಂತು, ಅವರೂ ಬಂದು ಕುಳಿತರು. ಪುಟ ತೆರೆದಾಗ ನನ್ನದೇ ವಾಕ್ಯಗಳು ಕಣ್ಣಿಗೆ ಬಿದ್ದವು: ‘ಇವರು ಅಕ್ಷರಹೀನರು, ಚರಿತ್ರೆಯನ್ನು ಅರಿಯದವರು. ಇವರ ಹಾಡುಗಳಲ್ಲಿ ಅರ್ಥಕ್ಕಿಂತ ಗದ್ದಲವೇ ಹೆಚ್ಚು. ಕೊರಳ ಮಣಿಸರಗಳು ಪ್ರವಾಸಿಗರು ನೋಡತಕ್ಕವು.’ ಪಂಡಿತರು ಮೆಚ್ಚಲೆಂದು ಬರೆದದ್ದು. ಆ ಮುಖದೆದುರು ಅದನ್ನು ಓದಲಾಗಲಿಲ್ಲ. ಪುಟದ ಮೇಲೆ ಕಣ್ಣಿಟ್ಟು, ಬೇರೆಯೇ ಮಾತುಗಳನ್ನು, ಹೊಗಳಿಕೆಯ ಮಾತುಗಳನ್ನು, ಆಗಲೇ ಕಟ್ಟಿ ಓದಿದೆ. ಅವರು ಕಣ್ಣು ಮುಚ್ಚಿ, ತುಟಿಯಾಡಿಸುತ್ತ ಕೇಳಿದರು. ಒಂದು ಪ್ರತಿ ಬೇಕೆಂದರು. ಅವರ ಕೊಪ್ಪದಲ್ಲಿ, ಆ ಪುಟ್ಟ ಕೇರಿಯಲ್ಲಿ, ಓದಬಲ್ಲವರು ಯಾರಿದ್ದಾರೆಂಬ ಧೈರ್ಯದಿಂದ ಕೊಟ್ಟೆ. ಮುಡಿಯ ಅಬ್ಬಲಿಗೆ ಹೂವೊಂದನ್ನು ಆ ಪುಟದಲ್ಲಿ ಗುರುತಿಗೆ ಇಟ್ಟುಕೊಂಡು ಹೋದರು.

ಎಂಟು ದಿನದ ಮೇಲೆ ಬಂದಾಗ ಬುಟ್ಟಿ ಇಳಿಸಲಿಲ್ಲ. ಕೊಪ್ಪದವರನ್ನೆಲ್ಲ ಕೂರಿಸಿ, ನಾನು ಓದಿದ್ದನ್ನು ಒಂದು ಪದವೂ ಬಿಡದೆ ಹೇಳಿದರಂತೆ. ಶಾಲೆಗೆ ಹೋಗುತ್ತಿದ್ದ ಮೊಮ್ಮಗಳು ಪುಟದ ಮೇಲೆ ಬೆರಳಿಟ್ಟು, ಇಲ್ಲಿ ಹಾಗೆ ಬರೆದಿಲ್ಲ ಎಂದಳಂತೆ.

“ಒಡೆಯರ ಮಾತ್ ಸುಳ್ಳು ಮಾಡ್ತೀಯಾ ಅಂತ ಹೊಡ್ದುಬಿಟ್ಟೆ. ಅತ್ಕೊಂಡೂ ಅದೇ ಮಾತು ಹೇಳ್ತದೆ. ನೀವೇ ಹೇಳಿ ಒಡ್ಯಾ, ಕೂಸು ಹೇಳಿದ್ದು ಸುಳ್ಳೋ, ಖರೆಯೋ?”

ಜಗಲಿಯಲ್ಲಿ ನನ್ನ ಜೊತೆಯ ಉಪಾಧ್ಯಾಯರಿಬ್ಬರು ಕುಳಿತಿದ್ದರು. ಆಗಷ್ಟೇ ಸಂಧ್ಯಾವಂದನೆ ಮುಗಿಸಿದ ಬಾಯಿ ನನ್ನದು. ಅದೇ ಬಾಯಿಂದ ಹೇಳಿದೆ: “ಆ ಕೂಸಿಗೆ ಇನ್ನೂ ಓದ್ಲಿಕ್ಕೆ ಬರೂದಿಲ್ಲ.”

ಅವರು ತಲೆಯ ಮೇಲಿನ ಬುಟ್ಟಿಯನ್ನು ಸರಿಪಡಿಸಿಕೊಂಡರು.

“ಮೂರನೇ ಇಯತ್ತೆಗೆ ಬಂದ್ರೂ ಓದ್ಲಿಕ್ಕೆ ಬರೂದಿಲ್ಲ ಅಂದ್ರೆ ಶಾಲೆ ಎಂತಕೆ? ಆತು,” ಎಂದು ಹೊರಟರು.

ಮುಂದಿನ ವಾರ ಅವರ ಹಿಂದೆ ಆ ಹುಡುಗಿಯೂ ಸಣ್ಣ ಬುಟ್ಟಿ ಹೊತ್ತು ಬಂದಳು. ನಾನು ಶಾಲೆಗೆ ಹೊರಟಿದ್ದೆ. ನನ್ನ ಕೈಯಲ್ಲಿದ್ದ ಪುಸ್ತಕದ ಹೆಸರನ್ನು ಅವಳ ತುಟಿಗಳು ಅಕ್ಷರ ಕೂಡಿಸಿ, ಸದ್ದಿಲ್ಲದೆ, ಸರಿಯಾಗಿ ಓದುತ್ತಿದ್ದವು... ನೋಡಿಯೂ ನಡೆದುಬಿಟ್ಟೆ.

ನಾಳೆ ನಿಜ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಳ್ಳುತ್ತಲೇ ಕುಮಟೆಯ ಶಾಲೆಗೆ ಹೋದೆ. ವರ್ಷಗಳ ನಂತರ ವಿಚಾರಿಸಿದಾಗ ಅವರು ತೀರಿಕೊಂಡಿದ್ದರು. ಮೊಮ್ಮಗಳನ್ನು ಕಾಯ್ಕಿಣಿಯ ಕಡೆ ಕೊಟ್ಟಿದ್ದಾರೆಂದರು. ಅಲ್ಲಿಗೂ ನಾನು ಹೋಗಲಿಲ್ಲ.

ಮೊನ್ನೆ ಪೂಜೆ ಮುಗಿದ ಮೇಲೆ ಕಪಾಟಿನಿಂದ ಆ ಪುಸ್ತಕವನ್ನು ತೆಗೆದೆ. ಅಚ್ಚಾದ ವಾಕ್ಯಗಳು ಹಾಗೆಯೇ ಇವೆ. ಅವುಗಳ ಪಕ್ಕದಲ್ಲಿ, ಅಂದು ಅವರೆದುರು ಓದಿದ ಮಾತುಗಳನ್ನಾದರೂ ಬರೆದಿಡೋಣವೆಂದು ಲೇಖನಿ ಹಿಡಿದೆ. ಒಂದೂ ನೆನಪಾಗಲಿಲ್ಲ... ಅವನ್ನು ನೆನಪಿಟ್ಟುಕೊಂಡಿದ್ದವರು ಅವರೊಬ್ಬರೇ.